ಮಿಲ್ಟ್ರಿ ಅಜ್ಜಿಯ ಊರುಗಳಲ್ಲಿ

ಶುಕ್ರವಾರ, ದಾವಣಗೆರೆ

ಅಜ್ಜಿ ತೀರಿಕೊಂಡು ವರ್ಷವಾಗುತ್ತಿತ್ತು. ಶನಿವಾರ ಊರಲ್ಲಿ ವರ್ಷದ ಕಾರ್ಯ. ಹೇಗೂ ಹೋಗಲೇಬೇಕು, ಒಂದೆರಡು ದಿನ ಜಾಸ್ತಿ ರಜೆ ಹಾಕಿ ಅಜ್ಜಿ ಓಡಾಡಿದ ಜಾಗಗಳನ್ನೆಲ್ಲ ನೋಡಿಬರೋಣ ಅಂತ ಅಮ್ಮನಿಗೆ ಹೇಳಿದೆ. “ಅವಳೆಲ್ಲಿ ಓಡಾಡಿದ್ದಳು? ಮನೆ, ಗದ್ದೆ, ಬ್ಯಾಂಕು, ಅಷ್ಟೇ” ಅಂದಳು ಅಮ್ಮ. ಆಮೇಲೆ ನನಗಿಂತ ಮೊದಲು ಅವಳೇ ಬ್ಯಾಗ್ ತುಂಬಿದಳು.

ಬೆಂಗಳೂರಿನಿಂದ ಬೆಳಗಿನ ಜನಶತಾಬ್ದಿ ಹಿಡಿದೆವು. ತುಮಕೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು ದಾಟಿದರೆ ದಾವಣಗೆರೆ. ಅಜ್ಜನ ಕಾಲದಲ್ಲಿ ಈ ಲೈನು ಮೀಟರ್ ಗೇಜ್. ಅಜ್ಜ ಸೈನ್ಯದಲ್ಲಿದ್ದ. ರಜೆ ಮುಗಿಸಿ ಹೊರಟರೆ ಇಲ್ಲಿಂದ ಬೆಂಗಳೂರು, ಅಲ್ಲಿ ಬೇರೆ ಗಾಡಿ ಹತ್ತಿ ಮದ್ರಾಸು, ಮದ್ರಾಸಿನಿಂದ ದಿಲ್ಲಿ, ದಿಲ್ಲಿಯಿಂದ ಪಠಾಣ್‌ಕೋಟ್. ಕಪ್ಪು ಬಣ್ಣ ಬಳಿದ ಟ್ರಂಕು, ಹೋಲ್ಡಾಲು, ಅಜ್ಜಿ ಕಟ್ಟಿಕೊಟ್ಟ ಬುತ್ತಿ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಅದರ ಜೊತೆ ಒಂದು ಚೀಲ ಮಂಡಕ್ಕಿ. ಹಗುರ, ಬೇಗ ಕೆಡೋದಿಲ್ಲ, ಪಲ್ಟಣದ ಹುಡುಗರಿಗೆಲ್ಲ ಒಂದೊಂದು ಹಿಡಿ ಹಂಚಬಹುದು. ಪಠಾಣ್‌ಕೋಟ್ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತಂತೆ. ತವಾ ಮೇಲೆ ಹಾಕಿ ಬಿಸಿ ಮಾಡಿಕೊಂಡು ತಿನ್ನುತ್ತಿದ್ದರಂತೆ.

ಗಂಡನನ್ನು ಬಿಡೋಕೆ ಬಂದ ಅಜ್ಜಿ ಪ್ಲಾಟ್‌ಫಾರ್ಮ್ ಒಳಗೆ ಕಾಲಿಡುತ್ತಿರಲಿಲ್ಲ. ಸ್ಟೇಷನ್ ಹೊರಗೇ ನಿಂತು “ಹೋಗಿ ಬನ್ನಿ” ಅನ್ನೋದು, ತಿರುಗಿ ನೇರ ಹಿಂಡಿ ಅಂಗಡಿಗೆ ಹೋಗೋದು. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು, ಎಮ್ಮೆಗೆ ಹತ್ತಿಕಾಳು ಸಲೀಸಾಗಿ ಸಿಗೋದು. “ಬಂದ ಖರ್ಚಾದರೂ ಹುಟ್ಟಬೇಕಲ್ಲ” ಅನ್ನುತ್ತಿದ್ದಳಂತೆ. ಅಮ್ಮನಿಗೆ ಚಿಕ್ಕವಳಿದ್ದಾಗ ಇದು ಬಹಳ ಕೋಪ ತರಿಸುತ್ತಿತ್ತು. ಬೇರೆಯವರ ಅಮ್ಮಂದಿರು ಅಳುತ್ತಾರೆ, ನಮ್ಮಮ್ಮ ಹಿಂಡಿ ರೇಟು ಕೇಳ್ತಾಳೆ ಅಂತ.

ಮಾಮ ಕಾರು ತಂದಿದ್ದ. ಮೊದಲು ಬೆಣ್ಣೆ ದೋಸೆ. ಇಲ್ಲಿನ ದೋಸೆ ಸಣ್ಣದು, ಸೌದೆ ಒಲೆಯದ್ದು, ಹಿಟ್ಟಿಗೆ ಒಂದಿಷ್ಟು ಮಂಡಕ್ಕಿಯೂ ಸೇರುತ್ತದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಖಾರವಿಲ್ಲದ ಬಿಳಿ ಪಲ್ಯ, ನೀರಾದ ಕಾಯಿ ಚಟ್ನಿ. ನಮ್ಮ ಮನೆಯಲ್ಲಿ ಇದನ್ನು ಮೆಚ್ಚದವಳು ಅಜ್ಜಿ ಒಬ್ಬಳೇ. ಕಾಸಿ ತುಪ್ಪ ಮಾಡೋ ಬೆಣ್ಣೆಯನ್ನು ಹಂಚಿನ ಮೇಲೆ ಸುರಿದು ಹಾಳು ಮಾಡ್ತಾರೆ ಅನ್ನೋದು ಅವಳ ತಕರಾರು. ನಾನು ಮಾತ್ರ ಎರಡು ತಿಂದೆ.

ಆಮೇಲೆ ಬ್ಯಾಂಕು. ಅಜ್ಜಿಯ ಪಿಂಚಣಿ ಖಾತೆಯದ್ದು ಒಂದು ಕಾಗದ ಬಾಕಿ ಇತ್ತು. ಅಜ್ಜ ಹೋದ ಮೇಲೆ ಕುಟುಂಬ ಪಿಂಚಣಿ ಶುರುವಾಗುವ ಮುಂಚೆ ಅಜ್ಜಿ ಚಪ್ಪಲಿ ಸವೆಸಿದ್ದಳು. ಅಜ್ಜನ ಸರ್ವಿಸ್ ದಾಖಲೆಯಲ್ಲಿ ಅವಳ ಹೆಸರಿನ ಕೊನೆಗೆ ‘ಅವ್ವ’, ರೇಷನ್ ಕಾರ್ಡಿನಲ್ಲಿ ‘ಅಮ್ಮ’. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ ಅಂದರಂತೆ ಒಂದು ಕಚೇರಿಯಲ್ಲಿ. “ಆ ಇನ್ನೊಬ್ಬಳನ್ನೂ ಕರೆಸಪ್ಪಾ, ನಾನೂ ಒಂದ್ಸಲ ನೋಡ್ತೀನಿ” ಅಂದಳಂತೆ ಅಜ್ಜಿ. ಅಫಿಡವಿಟ್ ಮಾತ್ರ ಮಾಡಿಸಲೇಬೇಕಾಯಿತು.

ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆ ಅಂತ ಬೇರೆ ತೋರಿಸಬೇಕು. ಮೊದಲೆಲ್ಲ ಕಾಗದಕ್ಕೆ ಮ್ಯಾನೇಜರ್ ಎದುರು ಸಹಿ ಹಾಕಿದರೆ ಮುಗೀತಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಪತ್ರ ಬಂದಮೇಲೆ ಬೆರಳಿನ ಯಂತ್ರವೂ ಬಂತು. ಒಂದು ಸಲ ನಾನೇ ಜೊತೆಗೆ ಹೋಗಿದ್ದೆ. ಅಜ್ಜಿ ಹೆಬ್ಬೆರಳು ಇಟ್ಟಳು, ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು. ಇಲ್ಲ. ಅಲ್ಲಿದ್ದ ಹುಡುಗ ಅವಳ ಬೆರಳನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ನಾಟಿ, ಕಳೆ, ಸಗಣಿ, ಪಾತ್ರೆ ತಿಕ್ಕುವ ಬೂದಿ, ಎಲ್ಲ ಸೇರಿ ಗೆರೆಗಳನ್ನೇ ಅಳಿಸಿಬಿಟ್ಟಿದ್ದವು. ಬರೀ ನುಣುಪು ಚರ್ಮ, ಅಂಚಿನಲ್ಲಿ ಒಂದು ಹಳೇ ಕುಡುಗೋಲಿನ ಗಾಯ. “ಎದುರಿಗೇ ನಿಂತೀನಲ್ಲಪ್ಪ, ಇನ್ನೇನು ಬೇಕು ನಿನಗೆ?” ಅಂತ ಯಂತ್ರಕ್ಕೇ ಕೇಳಿದಳು. ಒಂದೊಂದೇ ಬೆರಳು ಇಡಿಸಿ ನೋಡಿ, ಕೊನೆಗೆ ಎಡಗೈ ಉಂಗುರದ ಬೆರಳನ್ನು ಒಪ್ಪಿಕೊಂಡಿತು.

ಈ ಸಲದ ಕೆಲಸಕ್ಕೆ ಯಾರ ಬೆರಳೂ ಬೇಕಿರಲಿಲ್ಲ. ಮರಣ ಪತ್ರದ ಜೆರಾಕ್ಸು, ಅಮ್ಮನ ಸಹಿ, ಅಷ್ಟೇ.

ಶನಿವಾರ, ಹರಿಹರದ ಕಡೆ

ನಮ್ಮೂರು ಹರಿಹರ ತಾಲೂಕಿನದ್ದು. ಭದ್ರಾ ಬಲದಂಡೆ ನಾಲೆಯ ಕೊನೇ ಭಾಗ. ಕೊನೇ ಭಾಗ ಅಂದರೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆ ತುಂಬಿ ಉಳಿದರೆ ನಮಗೆ ನೀರು.

ಕಾರ್ಯ ಬೆಳಗ್ಗೆಯೇ ಮುಗಿಯಿತು. ತೋಟದಲ್ಲಿ ಅಜ್ಜನ ಪಕ್ಕದಲ್ಲೇ ಅಜ್ಜಿಯ ಸಮಾಧಿ. ಹೂವು, ಎಡೆ, ಆಮೇಲೆ ಊರಿಗೆಲ್ಲ ಊಟ. ಊಟಕ್ಕೆ ಕೂತವರೆಲ್ಲ “ಮಿಲ್ಟ್ರಿ ಅಜ್ಜಿ ಅಂದರೆ ಅಜ್ಜಿ” ಅಂತ ಶುರು ಮಾಡಿ, ಎರಡು ಮಾತಿಗೆಲ್ಲ ಅಜ್ಜನ ಕಥೆಗೆ ಹೋಗುತ್ತಿದ್ದರು. ಅಜ್ಜ ಯುದ್ಧದಲ್ಲಿ ಹೀಗೆ ಮಾಡಿದ, ಅಜ್ಜ ಹಾಗೆ ಅಂದ. ಅಜ್ಜಿ ಬಗ್ಗೆ ಕೇಳಿದರೆ “ಪಾಪ, ಕಾಯ್ಕೊಂಡೇ ಇದ್ದಳು ನೋಡು” ಅಂದುಬಿಡೋದು. ನನಗೆ ಈ ‘ಪಾಪ’ ಯಾಕೋ ಸರಿಬರಲಿಲ್ಲ.

ಮಧ್ಯಾಹ್ನ ಮಾಮ ಅಟ್ಟದಿಂದ ಟ್ರಂಕು ಇಳಿಸಿದ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಜ್ಜನ ನಂಬರು, ಹೆಸರು. ಅಜ್ಜ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸ್ಯಾಪರ್, ಅಂದರೆ ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಸಿಪಾಯಿ. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರುವ ಸೆಂಟರಿನಲ್ಲಿ ತಯಾರಾದವನು. ಸೈನ್ಯದಲ್ಲಿ ‘ತಂಬಿ’ಗಳು ಅಂದರೆ ಇವರೇ. ಒಳಗೆ ಬೂದು ಬಣ್ಣದ ಕಂಬಳಿ, ಒಂದು ಮೆಸ್ ಟಿನ್, ಡಿಸ್ಚಾರ್ಜ್ ಪುಸ್ತಕ, ಬಟ್ಟೆಯಲ್ಲಿ ಸುತ್ತಿದ ಮೆಡಲುಗಳು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್, 1971ಕ್ಕೆ ಪಶ್ಚಿಮಿ ಸ್ಟಾರ್. ಕೆಳಗೆ, ದಾರ ಕಟ್ಟಿದ ಇನ್‌ಲ್ಯಾಂಡ್ ಪತ್ರಗಳ ಕಟ್ಟು.

ಎಲ್ಲ ಅಜ್ಜನ ಪತ್ರ ಇರಬೇಕು ಅಂದುಕೊಂಡಿದ್ದೆವು. ಅಲ್ಲ. ಮುಕ್ಕಾಲು ಪಾಲು ಅಜ್ಜಿ ಬರೆದದ್ದು. ಅಜ್ಜ ಎಲ್ಲವನ್ನೂ ಇಟ್ಟುಕೊಂಡು ರಿಟೈರ್ ಆಗಿ ಬರುವಾಗ ತಂದಿದ್ದ. ವಿಳಾಸದಲ್ಲಿ ನಂಬರು, ಹೆಸರು, ಕಂಪನಿ, ಕೊನೆಗೆ ‘ಕೇರ್ ಆಫ್ 56 ಎ.ಪಿ.ಒ.’. ಊರಿನ ಹೆಸರು ಇರುವುದಿಲ್ಲ. ಪಲ್ಟಣ ಎಲ್ಲಿದೆ ಅಂತ ಹೊರಗೆ ಗೊತ್ತಾಗಬಾರದು ಅಂತ ಸೈನ್ಯದ ಅಂಚೆ ಹಾಗೇ. ಗಂಡ ಎಲ್ಲಿದ್ದಾನೆ ಅಂತ ಯಾರಾದರೂ ಕೇಳಿದರೆ ಅಜ್ಜಿ “ಐವತ್ತಾರರಲ್ಲಿ” ಅನ್ನುತ್ತಿದ್ದಳಂತೆ.

ಶುರುವಿನ ಪತ್ರಗಳ ಅಕ್ಷರ ದುಂಡಗೆ, ಚೆಂದ. ಅವು ಶಾಲೆಯ ಮೇಷ್ಟ್ರು ಬರೆದುಕೊಟ್ಟದ್ದು. ‘ಪ್ರಾಣನಾಥರ ಪಾದಾರವಿಂದಗಳಿಗೆ’ ಅಂತ ಶುರುವಾಗಿ ಒಂದು ಪುಟ ಬರೀ ನಮಸ್ಕಾರ. ಅಜ್ಜಿಗೆ ರೇಗಿತ್ತಂತೆ. ಜಾಗವೆಲ್ಲ ನಮಸ್ಕಾರಕ್ಕೇ ಹೋದರೆ ಗದ್ದೆ ಸುದ್ದಿ ಎಲ್ಲಿ ಬರೆಯೋದು? ಅಮ್ಮ ಶಾಲೆಗೆ ಸೇರಿದ ವರ್ಷ ಅಮ್ಮನ ಸ್ಲೇಟಿನಲ್ಲೇ ತಾನೂ ತಿದ್ದಿದಳು. ಅಲ್ಲಿಂದ ಮುಂದೆ ಅಕ್ಷರ ಸೊಟ್ಟ, ಒತ್ತಕ್ಷರ ಅರ್ಧಕ್ಕರ್ಧ ಇಲ್ಲ, ಸುದ್ದಿ ಮಾತ್ರ ಭರ್ತಿ. ಒಂದು ಪತ್ರ ಪೂರ್ತಿ ಇಷ್ಟೇ: “ನಾಲೆ ನೀರು ಮಂಗಳವಾರ ಬಂತು. ಮೇಲಿನವರು ತೂಬು ಬಿಡಲಿಲ್ಲ. ರಾತ್ರಿ ನಾನೇ ಹೋಗಿ ಕಟ್ಟಿಕೊಂಡೆ. ಬೈದರು, ನಾನೂ ಬೈದೆ. ಎಮ್ಮೆ ಕರು ಹಾಕಿದೆ, ಹೆಣ್ಣು. ಮಗಳಿಗೆ ಜ್ವರ ಇತ್ತು, ಈಗ ಇಲ್ಲ. ಮನಿ ಆರ್ಡರ್ ಮುಟ್ಟಿತು. ನಿಮ್ಮಣ್ಣ ಕೇಳಿದರು, ಕೊಡಲಿಲ್ಲ. ನೀವು ಹುಷಾರು.”

ಓದುತ್ತಾ ಓದುತ್ತಾ ಮಾಮ ನಗೋಕೆ ಶುರು ಮಾಡಿದ. ಅಮ್ಮ ಮಾತ್ರ ಒಂದು ಪತ್ರ ಹಿಡಿದುಕೊಂಡು ಸುಮ್ನೆ ಕೂತಳು. 1972ರ ಜನವರಿಯದ್ದು. ಅದು ಅಜ್ಜನದು.

1971ರ ಡಿಸೆಂಬರ್ 3ಕ್ಕೆ ಯುದ್ಧ ಶುರು. 16ಕ್ಕೆ ಢಾಕಾದಲ್ಲಿ ಶರಣಾಗತಿ, ಮರುದಿನ ಪಶ್ಚಿಮದಲ್ಲೂ ಗುಂಡು ನಿಂತಿತು. ನಮ್ಮೂರಲ್ಲಿ ಶಾಲೆ ಮಕ್ಕಳ ಮೆರವಣಿಗೆ, ಎಲ್ಲರಿಗೂ ಮಂಡಕ್ಕಿ ಬೆಲ್ಲ. ಅಜ್ಜ ಇದ್ದದ್ದು ಪಶ್ಚಿಮ ಗಡಿಯ ಶಕರ್‌ಗಢದ ಕಡೆ. ಅಲ್ಲಿ ಬಸಂತರ್ ನದಿ ದಾಟೋಕೆ ನಮ್ಮ ಟ್ಯಾಂಕುಗಳಿಗೆ ಮೈನ್ ಹೂತ ನೆಲದಲ್ಲಿ ದಾರಿ ಬಿಡಿಸಿಕೊಟ್ಟದ್ದು ಮದ್ರಾಸ್ ಸ್ಯಾಪರ್‌ಗಳೇ. ಗುಂಡು ಹಾರುತ್ತಿರುವಾಗಲೇ, ರಾತ್ರಿ, ಕೈಯಲ್ಲಿ ನೆಲ ತಡವಿಕೊಂಡು ಮಾಡಿದ ಕೆಲಸ ಅದು. ಇದೆಲ್ಲ ಅಜ್ಜಿಗೆ ಆಗ ಗೊತ್ತಿರಲಿಲ್ಲ. ಜನವರಿಯಲ್ಲಿ ಬಂದ ಪತ್ರದಲ್ಲಿ ಇದ್ದದ್ದು ಇಷ್ಟು: “ಕ್ಷೇಮವಾಗಿದ್ದೇನೆ. ಈಗಲೇ ರಜೆ ಇಲ್ಲ. ಇಲ್ಲಿ ಸ್ವಲ್ಪ ಕೆಲಸ ಇದೆ.”

ಆ ಕೆಲಸ ಏನು ಅಂತ ಹೇಳಿದ್ದು ರಜೆಗೆ ಬಂದಿದ್ದ ಪಕ್ಕದೂರಿನ ಇನ್ನೊಬ್ಬ ಸಿಪಾಯಿ. ಗೆದ್ದವರು ಮೆರವಣಿಗೆ ಮಾಡಿ ಮುಗಿಸಿದರೂ ಸ್ಯಾಪರ್‌ಗೆ ಬಿಡುವಿಲ್ಲ. ಎರಡೂ ಕಡೆಯವರು ಹೂತ ಮೈನುಗಳು ಹೊಲದಲ್ಲಿ ಹಾಗೇ ಇರುತ್ತವೆ. ಒಂದೊಂದಾಗಿ ಹುಡುಕಿ ತೆಗೆಯಬೇಕು. ಯುದ್ಧ ನಿಂತ ಮೇಲೂ ಜನ ಸಾಯೋದು ಅಲ್ಲೇ.

ಹಾಗಾಗಿ ಊರಿನ ಪಾಲಿಗೆ ಡಿಸೆಂಬರ್‌ನಲ್ಲಿ ಮುಗಿದ ಯುದ್ಧ ಅಜ್ಜಿಯ ಪಾಲಿಗೆ ಆಗ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಯುಗಾದಿಗೆ ಮುಂಚೆ ಬಳೆಗಾರ ಬಂದಾಗ “ಅವರು ಬಂದಮೇಲೆ ಬಾ” ಅಂತ ಕಳಿಸಿದಳು. ಅಷ್ಟು ಬಿಟ್ಟರೆ ಎಲ್ಲ ಎಂದಿನಂತೆ. ಆಮೇಲೆ ಒಂದು ಸಂಜೆ ತಂತಿ ಬಂತು. ಆ ಕಾಲದಲ್ಲಿ ತಂತಿ ಬಂತು ಅಂದರೆ ಸಾವಿನ ಸುದ್ದಿಯೇ. ಅಂಚೆಯವನ ಹಿಂದೆ ಅರ್ಧ ಊರು ಬಂತು, ಹೆಂಗಸರು ಅಂಗಳದಲ್ಲಿ ಅಳೋಕೆ ಶುರು ಮಾಡಿದರು. ಅಜ್ಜಿ ಕೊಟ್ಟಿಗೆಯಲ್ಲಿ ಎಮ್ಮೆ ಹಾಲು ಕರೆಯುತ್ತಿದ್ದಳು. “ಇಟ್ಟು ಹೋಗಪ್ಪ, ಕರೆದು ಬರ್ತೀನಿ” ಅಂದಳು. ಎಮ್ಮೆ ನಡುವೆ ಬಿಟ್ಟರೆ ಹಾಲು ಏರಿಸಿಕೊಳ್ಳುತ್ತದೆ, ಅದು ಸರಿಯೇ. ಆದರೆ ಅವತ್ತು ಅವಳು ಬಹಳ ಹೊತ್ತು ಕರೆದಳು ಅಂತ ಅಮ್ಮ ಹೇಳಿದಳು. ತಂಬಿಗೆ ತುಂಬಿ ಚೆಲ್ಲುತ್ತಿದ್ದರೂ ಎದ್ದಿರಲಿಲ್ಲ. ಕೊನೆಗೆ ಮೇಷ್ಟ್ರು ಒಡೆದು ಓದಿದರು. ರಜೆ ಮಂಜೂರಾಗಿದೆ, ಹೊರಟಿದ್ದೇನೆ ಅಂತ ಇತ್ತು.

ಬಳೆಗಾರನಿಗೆ ಮರುದಿನವೇ ಹೇಳಿಕಳಿಸಿದಳಂತೆ.

ಸಂಜೆ ಹರಿಹರಕ್ಕೆ ಹೋದೆವು. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು. ಕಟ್ಟಿಸಿದವನೂ ಮಿಲ್ಟ್ರಿಯವನೇ ಆದ ಹಾಗಾಯಿತು. ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು. ಅಜ್ಜ ಪ್ರತಿ ಸಲ ಬಂದಾಗಲೂ ಅಜ್ಜಿ ಇಲ್ಲಿ ಕಾಯಿ ಒಡೆಸುತ್ತಿದ್ದಳು. ಇದೇ ದೇವರು ಯಾಕೆ ಅಂದರೆ “ಒಂದೇ ಕಾಯಿಗೆ ಇಬ್ಬರು ಸಿಗ್ತಾರೆ” ಅನ್ನುತ್ತಿದ್ದಳು. ತುಂಗಭದ್ರೆಯಲ್ಲಿ ನೀರು ಕಮ್ಮಿ ಇತ್ತು. ಬೇಗ ವಾಪಸ್ ಬಂದೆವು.

ಭಾನುವಾರ, ಚಿತ್ರದುರ್ಗ

ಹೈವೇಯಲ್ಲಿ ಒಂದು ಗಂಟೆ ದಾರಿ. ದಾರಿಗೆ ಅಂತ ಅತ್ತೆ ಶಂಕರಪೋಳಿ ಕಟ್ಟಿಕೊಟ್ಟಿದ್ದಳು. ಅಜ್ಜಿ ಕಲಿಸಿದ್ದು. ಅಜ್ಜನ ಪಲ್ಟಣ ಸಿಕಂದರಾಬಾದಿನಲ್ಲಿ ಇದ್ದಾಗ ಕ್ವಾರ್ಟರ್ಸ್ ಸಿಕ್ಕಿ ಅಜ್ಜಿ, ಮಕ್ಕಳು ಸ್ವಲ್ಪ ಕಾಲ ಅಲ್ಲಿದ್ದರು. ಗಡಿಯ ಕಡೆ ಫ್ಯಾಮಿಲಿ ಒಯ್ಯುವ ಹಾಗಿಲ್ಲ, ಇಂಥ ಪೀಸ್ ಸ್ಟೇಷನ್ ಸಿಕ್ಕಾಗಲೇ ಸಂಸಾರ. ಅಲ್ಲಿ ಪಂಜಾಬಿ ನೆರೆಮನೆಯವಳಿಂದ ಇದನ್ನು ಕಲಿತಳು. ಬದಲಿಗೆ ಅವಳಿಗೆ ಚಟ್ನಿಪುಡಿ ಕುಟ್ಟೋದು ಕಲಿಸಿದಳು. ಅಜ್ಜಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಹಿಂದಿ ಮಾತ್ರ ಅವಳದ್ದೇ ಒಂದು ಬಗೆ: “ಭಯ್ಯಾ, ಇಧರ್ ಬಾರೋ.”

ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡರೆ ದುರ್ಗ ಬಂತು ಅಂತ ಲೆಕ್ಕ. ಕೋಟೆಗೆ ಬಿಸಿಲು ಏರುವ ಮುಂಚೆ ಹೋಗಬೇಕು, ಬಂಡೆ ಕಾದರೆ ಕಷ್ಟ. ಏಳು ಸುತ್ತಿನ ಕೋಟೆ, ಪ್ರತಿ ಬಾಗಿಲ ಹತ್ತಿರವೂ ದಾರಿ ಅಡ್ಡಡ್ಡ ತಿರುಗುತ್ತದೆ. ಆನೆಯಾಗಲಿ ದಿಮ್ಮಿಯಾಗಲಿ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಮಾಡಿದ್ದು. ಮದ್ದು ಬೀಸುವ ಜಾಗದಲ್ಲಿ ಗುಂಡಿಯೊಳಗೆ ದೊಡ್ಡ ದೊಡ್ಡ ಬೀಸುಕಲ್ಲುಗಳಿವೆ. ನಾನು ಶಾಲೆಯಲ್ಲಿದ್ದಾಗ ಅಜ್ಜ ಇಲ್ಲಿ ನಿಂತು ಮದ್ದಿನ ಬಗ್ಗೆ ಗಂಟೆಗಟ್ಟಲೆ ಹೇಳಿದ್ದ. ಅಜ್ಜಿ ನೆರಳು ನೋಡಿ ಕೂತಿದ್ದಳು.

ಅವಳು ಎದ್ದು ಬಂದದ್ದು ಓಬವ್ವನ ಕಿಂಡಿಗೆ ಮಾತ್ರ. ಬಂಡೆಗಳ ನಡುವಿನ ಸಂದು, ಒಬ್ಬರು ತೂರುವಷ್ಟೇ. ಕಥೆ ಎಲ್ಲರಿಗೂ ಗೊತ್ತು. ಕಾವಲುಗಾರ, ಕಹಳೆ ಊದುವವನು, ಊಟಕ್ಕೆ ಬಂದಿದ್ದಾನೆ. ಹೆಂಡತಿ ನೀರು ತರೋಕೆ ಹೋದವಳು ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರೋದನ್ನು ನೋಡುತ್ತಾಳೆ, ಒನಕೆ ಹಿಡಿದು ನಿಂತು ಬಂದವರನ್ನು ಬಂದಹಾಗೆ ಕೆಡವುತ್ತಾಳೆ. ಕೊನೆಗೆ ಅವಳೂ ಉಳಿಯುವುದಿಲ್ಲ. ಕೋಟೆ 1779ರಲ್ಲಿ ಹೈದರನ ಕೈಸೇರಿತು, ಮದಕರಿ ನಾಯಕ ಸೆರೆಯಾದ. ಆದರೂ ಊರಲ್ಲಿ ಸ್ಟೇಡಿಯಂ ಇರೋದು ಓಬವ್ವನ ಹೆಸರಲ್ಲಿ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತಿದೆ.

ಗೈಡ್ ಅವತ್ತು ಶೌರ್ಯ, ಸಾಹಸ ಅಂತೆಲ್ಲ ಹೇಳಿ ಮುಗಿಸಿದ ಮೇಲೆ ಅಜ್ಜಿ ಕಿಂಡಿಯೊಳಗೆ ಬಗ್ಗಿ ನೋಡಿ ಹೇಳಿದ್ದು ನನಗೆ ಇನ್ನೂ ನೆನಪಿದೆ. “ಉಣ್ಣೋ ಗಂಡನ್ನ ಎಬ್ಬಿಸಲಿಲ್ಲ ನೋಡೇ. ಎಬ್ಬಿಸಿದ್ದರೆ ಅವನು ಕಹಳೆ ಹುಡುಕಬೇಕು, ಪೇಟ ಸುತ್ತಬೇಕು. ಅಷ್ಟರಲ್ಲಿ ಹತ್ತು ಜನ ಒಳಗೆ.” ಅಜ್ಜನಿಗೆ ಸಿಟ್ಟು ಬಂದಿತ್ತು. ಎಚ್ಚರಿಕೆ ಕೊಡೋದೇ ಕಾವಲುಗಾರನ ಡ್ಯೂಟಿ, ಅವಳು ಮೊದಲು ಅವನಿಗೇ ಹೇಳಬೇಕಿತ್ತು ಅಂತ ಅವನ ವಾದ. ಕೋಟೆ ಇಳಿಯುವವರೆಗೂ ಇಬ್ಬರೂ ಇದೇ ಮಾತಿನಲ್ಲಿ ಜಗಳ ಆಡಿದರು. ನಾವು ಮಕ್ಕಳು ಐಸ್‌ಕ್ಯಾಂಡಿ ಕೇಳೋಕೂ ಹೆದರಿದ್ದೆವು.

ಈ ಸಲ ಅಮ್ಮನಿಗೆ ಮಂಡಿನೋವು, ಏಕನಾಥೇಶ್ವರಿ ಗುಡಿಯವರೆಗೂ ಹತ್ತಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಉಳಿದೆವು. ಸೊಳ್ಳೆ ಬಗ್ಗೆ ಬರೆಯೋದಿಲ್ಲ.

ಸೋಮವಾರ, ಚಳ್ಳಕೆರೆ ಸೀಮೆ

ಅಜ್ಜಿಯ ತವರು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ. ದುರ್ಗ ಬಿಟ್ಟು ಈ ಕಡೆ ತಿರುಗಿದರೆ ಸೀಮೆಯೇ ಬೇರೆ. ಶೇಂಗಾ, ಕುರಿ, ಕಂಬಳಿ, ಮಳೆ ಬಂದರೆ ಬಂತು. ನಾಯಕನಹಟ್ಟಿಗೆ ಹೋಗಿ ತಿಪ್ಪೇರುದ್ರಸ್ವಾಮಿಗೆ ಕೈಮುಗಿದೆವು. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ಸ್ವಾಮಿ, ಕೆರೆ ಕಟ್ಟಿಸಿದವರು. ಅಜ್ಜಿ ಈ ಮಾತನ್ನು ಕೂಲಿ ಲೆಕ್ಕ ಹಾಕುವಾಗ ಬಳಸುತ್ತಿದ್ದಳು, ಭಕ್ತಿಯಿಂದ ಅಲ್ಲ.

ಹತ್ತಿರದಲ್ಲೇ ಕುದಾಪುರದ ಕಡೆ ಅಮೃತಮಹಲ್ ಕಾವಲಿನ ಬಯಲು. ಒಂದು ಕಾಲಕ್ಕೆ ಹೈದರ್, ಟಿಪ್ಪುವಿನ ಫಿರಂಗಿ ಎಳೆದ ಎತ್ತಿನ ತಳಿ ಅಮೃತಮಹಲ್, ಅವು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲು ಇವು. ಈಗ ಉದ್ದಕ್ಕೂ ಗೋಡೆ. ಒಳಗೆ ಐಐಎಸ್‌ಸಿ, ಇಸ್ರೋ, ಡಿಆರ್‌ಡಿಒ. ಪೈಲಟ್ ಇಲ್ಲದ ವಿಮಾನ ಪರೀಕ್ಷಿಸುವ ಡಿಆರ್‌ಡಿಒ ರೇಂಜ್ 2017ರಲ್ಲಿ ಶುರುವಾಯಿತು. ಕುರಿ ಮೇಯಿಸುವವರು ಗೋಡೆ ಸುತ್ತಿ ಹೋಗುತ್ತಾರೆ.

ಚಿಕ್ಕಜ್ಜಿ ಮನೆ ಜಗುಲಿ ಮೇಲೇ ಕೂತಿದ್ದಳು. ಅಜ್ಜಿಯ ತಂಗಿ. ಕಣ್ಣು ಮಂಜು, ಕಿವಿ ಚುರುಕು. ಅಮ್ಮನ ಕೈ ಹಿಡಿದು ಒಂದಿಷ್ಟು ಅತ್ತಳು, ಆಮೇಲೆ ಶೇಂಗಾ ಬೇಯಿಸೋಕೆ ಸೊಸೆಗೆ ಹೇಳಿದಳು. ನಾನು ಊರಲ್ಲಿ ಕೇಳಿದ್ದನ್ನೇ ಹೇಳಿದೆ, ಅಜ್ಜಿ ಪಾಪ ಎಷ್ಟು ವರ್ಷ ಕಾದಳು ಅಂತ ಎಲ್ಲರೂ ಹೇಳ್ತಾರೆ ಚಿಕ್ಕಜ್ಜೀ ಅಂತ.

“ಕಾಯೋದೇನು ಕಷ್ಟ ಇರಲಿಲ್ಲ ಕಣಮ್ಮ ನಮ್ಮಕ್ಕಂಗೆ. ಭಾವ ಬಂದಮೇಲೆ ಕಷ್ಟ ಆಯ್ತು.”

ಅಮ್ಮ “ಚಿಕ್ಕಮ್ಮಾ” ಅಂದಳು. ಚಿಕ್ಕಜ್ಜಿ ನಿಲ್ಲಿಸಲಿಲ್ಲ. ಅಜ್ಜ ರಿಟೈರ್ ಆಗಿ ಬಂದ ಹೊಸದರಲ್ಲಿ ಬೆಳಗ್ಗೆ ಐದಕ್ಕೆ ಸೀಟಿ ಊದುತ್ತಿದ್ದ. ಪಾತ್ರೆಗಳನ್ನು ಅಳತೆ ಪ್ರಕಾರ ಜೋಡಿಸಿದ. ಕೊಟ್ಟಿಗೆ ಗೋಡೆಗೆ ಸುಣ್ಣದ ಗೆರೆ ಎಳೆದು ಎಮ್ಮೆ ಇಲ್ಲಿ, ಎತ್ತು ಇಲ್ಲಿ ಅಂದ. ಅಲ್ಲಿಯವರೆಗೂ ಅಜ್ಜಿ ಸಹಿಸಿದಳು. ಆಮೇಲೆ ನೀರಿನ ಸರದಿಗೆ ಇನ್ನು ನಾನು ಹೋಗ್ತೀನಿ, ಹೆಂಗಸು ರಾತ್ರಿ ಗದ್ದೆಗೆ ಹೋಗೋದು ಬೇಡ ಅಂದ. ಹೋದ. ನಾಲೆ ಮೇಲೆ ರೂಲ್ಸು ಮಾತಾಡಿ ನೀರಿಲ್ಲ ಅಂತ ಬರಿಗೈಲಿ ಬಂದ. ಅಜ್ಜಿ ಮರುದಿನ ಬಸ್ ಹತ್ತಿ ತವರಿಗೆ ಬಂದುಬಿಟ್ಟಳು.

“ಇಲ್ಲೇ, ಈ ಜಗುಲಿ ಮೇಲೇ ಕೂತು ಹೇಳಿದ್ದು. ಇಷ್ಟು ವರ್ಷ ಐವತ್ತಾರರಲ್ಲಿ ಇದ್ರು, ನಾನು ಮನೆ ನಡೆಸಿದೆ. ಈಗ ಮನೆಗೆ ಬಂದು ನನ್ನನ್ನೇ ರಿಕ್ರೂಟ್ ಮಾಡ್ಕಂಡವ್ರೆ ಅಂತ. ಎದ್ದೂ ಬಿದ್ದೂ ನಕ್ಕಿದ್ವಿ.”

ಅಜ್ಜ ಹುಡುಕಿಕೊಂಡು ಬಂದದ್ದು ತಿಂಗಳಾದ ಮೇಲೆ. ಕೈಯಲ್ಲಿ ಮಂಡಕ್ಕಿ ಚೀಲ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತನಂತೆ. ಕೊನೆಗೆ ಒಪ್ಪಂದ ಆಯಿತು. ಸೀಟಿ ತೋಟದ ಮನೆಯಲ್ಲಿ ಮಾತ್ರ. ಪಿಂಚಣಿ ಅಜ್ಜಿ ಕೈಗೆ. ನೀರಿನ ಸರದಿ ಅಜ್ಜಿಯದೇ, ಬೇಕಿದ್ದರೆ ಅಜ್ಜ ಲಾಟೀನು ಹಿಡಿದು ಹಿಂದೆ ಬರಬಹುದು.

ಹಾಗಾದರೆ ನಾನು ಚಿಕ್ಕಂದಿನಲ್ಲಿ ನೋಡಿದ್ದು ಇದೇ. ಅಜ್ಜಿ ಗುದ್ದಲಿ ಹಿಡಿದು ಮುಂದೆ, ಅಜ್ಜ ಬ್ಯಾಟರಿ ಹಿಡಿದು ಹಿಂದೆ. ಹಾವಿಗೆ ಹೆದರಿ ಜೊತೆಗೆ ಹೋಗ್ತಾನೆ ಅಂದುಕೊಂಡಿದ್ದೆ.

ಮಧ್ಯಾಹ್ನ ಮುದ್ದೆ ಉಂಡು, ಒಂದು ಚೀಲ ಶೇಂಗಾ ಹೇರಿಸಿಕೊಂಡು ಹಿರಿಯೂರಿನ ಕಡೆ ಹೊರಟೆವು. ಕಾರಿನಲ್ಲಿ ಅಮ್ಮನನ್ನು ಕೇಳಿದೆ, ನಿನಗೆ ಇದು ಗೊತ್ತಿತ್ತಾ ಅಂತ. ತವರಿಗೆ ಹೋದದ್ದು ಗೊತ್ತು, ಯಾಕೆ ಅಂತ ಗೊತ್ತಿರಲಿಲ್ಲ ಅಂದಳು. ಆ ಒಂದು ತಿಂಗಳು ಅಡುಗೆ ಅಜ್ಜನದೇ. ತಾನು ಮಾಡ್ತೀನಿ ಅಂದರೆ ಓದಿಕೋ ಹೋಗು ಅಂತ ಒಲೆ ಹತ್ತಿರ ಬಿಡುತ್ತಿರಲಿಲ್ಲವಂತೆ. ಅವನಿಗೆ ಬರುತ್ತಿದ್ದದ್ದು ಲಂಗರಿನ, ಅಂದರೆ ಸೈನ್ಯದ ಅಡುಗೆಮನೆಯ, ದಾಲ್ ಒಂದೇ, ಅದೂ ಐವತ್ತು ಜನರ ಅಳತೆಗೆ. “ಬೆಳಗ್ಗೆ ದಾಲು, ರಾತ್ರಿ ದಾಲು, ಉಳಿದದ್ದು ಎಮ್ಮೆಗೆ” ಅಂದಳು ಅಮ್ಮ. “ಕೊನೆಕೊನೆಗೆ ಎಮ್ಮೆನೂ ಮೂಸಿ ನೋಡ್ತಿರಲಿಲ್ಲ” ಅಂದ ಮಾಮ, ಗೇರ್ ಬದಲಿಸುತ್ತಾ.